ಫೋಲ್ಡರ್ ಮುಚ್ಚಿದ ಮೇಲೂ ಇಮೇಲ್‌ನ ಬಾಡಿ ಸಿಗುವಂತೆ ಜಾವಾಮೇಲ್‌ನ ಲೇಜಿ ಲೋಡಿಂಗ್ (ಕೇಳಿದಾಗಷ್ಟೇ ತರುವ ರೀತಿ) ನಿಲ್ಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವ ಕೋಡ್ ಇದು: ಜಾವಾದ ಇಮೇಲ್ ಲೈಬ್ರರಿಯಾದ ಜಾವಾಮೇಲ್ ಬಳಸಿ ಮೆಸೇಜ್‌ಗಳ ಅರೇಯನ್ನು ಹಿಂದಿರುಗಿಸುವ ಮೆಥಡ್, ಅದರ ಫೈನಲಿ ಬ್ಲಾಕ್‌ನಲ್ಲಿ ಫೋಲ್ಡರ್ ಕ್ಲೋಸ್, ಹೊರಗೆ ಬಂದು ಗೆಟ್‌ಕಂಟೆಂಟ್ ಕರೆದೊಡನೆ ಫೋಲ್ಡರ್‌ಕ್ಲೋಸ್ಡ್‌ಎಕ್ಸೆಪ್ಷನ್, ಅಂದರೆ ಫೋಲ್ಡರ್ ಮುಚ್ಚಿದೆ ಎಂಬ ಎರರ್. ಸಬ್ಜೆಕ್ಟ್ ಮಾತ್ರ ಸಿಗುತ್ತದೆ, ಬಾಡಿ ಸಿಗುವುದಿಲ್ಲ. ಈ ಕೋಡನ್ನು ನಾನೂ ಒಮ್ಮೆ ಹೆಚ್ಚುಕಡಿಮೆ ಹೀಗೆಯೇ ಬರೆದಿದ್ದೆ. ‘ಆಗದಿದ್ದರೆ ಫೋಲ್ಡರನ್ನು ತೆರೆದೇ ಇಡುತ್ತೇನೆ’ ಎಂದು ನೀವು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನೂ ಮಾಡಿದ್ದೆ.

ಲಿಫ್ಟ್ ದುರಸ್ತಿ ಮಾಡುವ ಒಂದು ಸಂಸ್ಥೆಗೆ ಬರುವ ದೂರಿನ ಇಮೇಲ್‌ಗಳನ್ನು ಓದಿ, ಪ್ರತಿಯೊಂದಕ್ಕೂ ಟಿಕೆಟ್ ತೆರೆಯುವ ಪ್ರೋಗ್ರಾಂ ನನ್ನದಾಗಿತ್ತು. ಐದು ನಿಮಿಷಕ್ಕೊಮ್ಮೆ ಅದು ಇನ್‌ಬಾಕ್ಸನ್ನು ರೀಡ್-ರೈಟ್ ಮೋಡ್‌ನಲ್ಲಿ ತೆರೆದು, ಇನ್ನೂ ಓದಿರದ ಮೇಲ್‌ಗಳನ್ನು ಹುಡುಕಿ, ಸಿಕ್ಕ ಮೆಸೇಜ್ ಆಬ್ಜೆಕ್ಟ್‌ಗಳನ್ನು ಕ್ಯೂಗೆ ಹಾಕುತ್ತಿತ್ತು. ಇನ್ನೊಂದು ಥ್ರೆಡ್ ಅವುಗಳನ್ನು ಒಂದೊಂದಾಗಿ ತೆಗೆದು ಬಾಡಿಯನ್ನೂ ಅಟ್ಯಾಚ್‌ಮೆಂಟ್‌ಗಳನ್ನೂ ಓದುತ್ತಿತ್ತು. ಎಕ್ಸೆಪ್ಷನ್ ಕಂಡಾಗ ನಾನು ಕ್ಲೋಸ್ ಮಾಡುವ ಸಾಲನ್ನು ಅಲ್ಲಿಂದ ಕಿತ್ತು ಮುಂದಿನ ಸುತ್ತಿನ ಆರಂಭದಲ್ಲಿ ಇಟ್ಟೆ. ಅಷ್ಟರೊಳಗೆ ಎಲ್ಲವನ್ನೂ ಓದಿ ಮುಗಿದಿರುತ್ತದೆ ಎಂಬುದು ನನ್ನ ಲೆಕ್ಕ. ಪರೀಕ್ಷೆಗೆಂದು ನಾನೇ ಕಳಿಸಿಕೊಂಡ ನಾಲ್ಕು ಸಾಲಿನ ಮೇಲ್‌ಗಳಲ್ಲಿ ಆ ಲೆಕ್ಕ ತಪ್ಪಲಿಲ್ಲ.

ತಪ್ಪಿದ್ದು ಇನ್ನೂ ಹಿಂದೆ, ಮೆಸೇಜ್ ಆಬ್ಜೆಕ್ಟ್‌ನೊಳಗೆ ಮೇಲ್ ಇದೆ ಎಂದು ನಾನು ನಂಬಿದ್ದರಲ್ಲಿ. ಐಮ್ಯಾಪ್ (ಸರ್ವರ್‌ನಲ್ಲಿಯೇ ಇರುವ ಮೇಲ್ ಓದುವ ವಿಧಾನ) ಫೋಲ್ಡರ್‌ನಿಂದ ಗೆಟ್‌ಮೆಸೇಜಸ್ ತಂದುಕೊಡುವ ಆಬ್ಜೆಕ್ಟ್‌ಗಳು ಬಹುಮಟ್ಟಿಗೆ ಖಾಲಿ. ಸಬ್ಜೆಕ್ಟ್ ಕೇಳಿದಾಗ ಲೈಬ್ರರಿ ಸರ್ವರ್‌ಗೆ ಹೋಗಿ ಎನ್ವಲಪ್ (ಕಳಿಸಿದವರು, ಸಬ್ಜೆಕ್ಟ್, ದಿನಾಂಕದಂಥ ವಿವರ) ತರುತ್ತದೆ ಮತ್ತು ಅದನ್ನು ಆಬ್ಜೆಕ್ಟ್‌ನಲ್ಲಿಯೇ ಉಳಿಸಿಕೊಳ್ಳುತ್ತದೆ. ಕಂಟೆಂಟ್ ಕೇಳಿದಾಗ ಬಾಡಿಯ ರಚನೆಯನ್ನು ತರುತ್ತದೆ. ಸ್ಟ್ರೀಮ್ ಓದತೊಡಗಿದಾಗಲಷ್ಟೇ ನಿಜವಾದ ಬೈಟ್‌ಗಳು ಬರುತ್ತವೆ, ಅದೂ ಡೀಫಾಲ್ಟ್ ಆಗಿ 16 ಕೆಬಿ ತುಂಡುಗಳಲ್ಲಿ. ಸಬ್ಜೆಕ್ಟ್ ಬರುತ್ತದೆ, ಬಾಡಿ ಬರುವುದಿಲ್ಲ ಎಂಬ ನಿಮ್ಮ ಒಗಟಿಗೂ ಉತ್ತರ ಇಲ್ಲೇ ಇದೆ: ಫೋಲ್ಡರ್ ಮುಚ್ಚುವ ಮೊದಲೇ ಸಬ್ಜೆಕ್ಟನ್ನು ಎಲ್ಲೋ ಲಾಗ್‌ಗೆ ಬರೆದಿರುತ್ತೀರಿ, ನಾನೂ ಬರೆದಿದ್ದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನವನು ಕೊಡುವ ಟೋಕನ್‌ನಂತೆ, ಸ್ಟ್ಯಾಂಡ್ ತೆರೆದಿರುವವರೆಗೆ ಮಾತ್ರ ಆ ಆಬ್ಜೆಕ್ಟ್‌ಗೆ ಬೆಲೆ. ನಾನು ಕ್ಯೂಗೆ ಹಾಕಿದ್ದು ಟೋಕನ್‌ಗಳನ್ನು.

ಜನ ಕಳಿಸುತ್ತಿದ್ದದ್ದು ಫೋನಿನಲ್ಲಿ ತೆಗೆದ ಚಿತ್ರಗಳನ್ನು. 4.5 ಎಂಬಿ ಚಿತ್ರವೊಂದು ಮೇಲ್‌ನಲ್ಲಿ ಸಾಗಲು ಬೇಕಾದ ಬೇಸ್64 ಎಂಬ ಅಕ್ಷರರೂಪದಲ್ಲಿ ಸುಮಾರು 6 ಎಂಬಿ ಆಗುತ್ತದೆ. 16 ಕೆಬಿಯಂತೆ ಕೇಳಿದರೆ 384 ಬಾರಿ ಸರ್ವರ್‌ಗೆ ಹೋಗಿ ಬರಬೇಕು. ಒಂದು ಸಲಕ್ಕೆ 150 ಮಿಲಿಸೆಕೆಂಡ್ ಹಿಡಿದರೂ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ಸೋಮವಾರ ಬೆಳಿಗ್ಗೆ ಇಂಥ ಎಂಟು ಹತ್ತು ಮೇಲ್ ಒಟ್ಟಿಗೆ ಬಂದಾಗ ಐದು ನಿಮಿಷ ಸಾಲುತ್ತಿರಲಿಲ್ಲ, ಚಿತ್ರ ಅರ್ಧ ಓದಿದ ಹೊತ್ತಿಗೆ ಮುಂದಿನ ಸುತ್ತು ಬಂದು ಫೋಲ್ಡರ್ ಮುಚ್ಚುತ್ತಿತ್ತು. ಎರರ್ ಲಾಗ್‌ಗೆ ಹೋಗುತ್ತದೆ, ಮೇಲ್ ಮುಂದಿನ ಸುತ್ತಿನಲ್ಲಿ ಮತ್ತೆ ಸಿಗುತ್ತದೆ ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಅದು ಸಿಗುತ್ತಿರಲಿಲ್ಲ. ಐಮ್ಯಾಪ್‌ನಲ್ಲಿ ಬಾಡಿಯ ತುಂಡೊಂದನ್ನು ಕೇಳಿದರೆ ಸಾಕು, ಪೀಕ್ ಎಂದು ಸೇರಿಸಿ ಕೇಳದ ಹೊರತು, ಸರ್ವರ್ ತಾನಾಗಿಯೇ ಆ ಮೇಲ್‌ಗೆ ಸೀನ್ ಫ್ಲ್ಯಾಗ್ (ಓದಿಯಾಗಿದೆ ಎಂಬ ಗುರುತು) ಹಚ್ಚುತ್ತದೆ. ಮೊದಲ ತುಂಡು ಬಂದೊಡನೆ ಸರ್ವರ್‌ನ ಲೆಕ್ಕದಲ್ಲಿ ಆ ದೂರು ಓದಿಯಾಗಿತ್ತು. ನಮ್ಮಲ್ಲಿ ಅದಕ್ಕೆ ಟಿಕೆಟ್ ಇರಲಿಲ್ಲ. ಬಾಗಿಲು ಸಿಕ್ಕಿಕೊಳ್ಳುವ ಲಿಫ್ಟಿನ ಚಿತ್ರ ಕಳಿಸಿ ಮೂರು ವಾರ ಕಾದ ಅಪಾರ್ಟ್‌ಮೆಂಟ್ ಕಾರ್ಯದರ್ಶಿಯೊಬ್ಬರು ಫೋನ್ ಮಾಡಿ ಬೈದ ಮೇಲೆ ಹುಡುಕಿದರೆ, ಅಂಥ ಹನ್ನೊಂದು ದೂರುಗಳು ಇನ್‌ಬಾಕ್ಸ್‌ನಲ್ಲಿ ಕುಳಿತಿದ್ದವು. ಹನ್ನೊಂದು ಜನರಿಗೂ ಕ್ಷಮೆ ಕೇಳಿ ಬರೆದದ್ದು ನಾನೇ.

ಆದ್ದರಿಂದ ಲೇಜಿ ಲೋಡಿಂಗ್ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಾವಿರಾರು ಮೇಲ್‌ಗಳ ಫೋಲ್ಡರ್‌ನಲ್ಲಿ ಪಟ್ಟಿ ತೋರಿಸಲು ಎಲ್ಲ ಅಟ್ಯಾಚ್‌ಮೆಂಟ್‌ಗಳನ್ನೂ ಇಳಿಸಿಕೊಳ್ಳಬೇಕೆ? ಲೈಬ್ರರಿ ಮಾಡುತ್ತಿರುವುದು ಸರಿಯಾಗಿದೆ. ಮೆಸೇಜ್ ಆಬ್ಜೆಕ್ಟ್ ನಿಮ್ಮ ಮೆಥಡ್‌ನಿಂದ ಹೊರಗೆ ಹೋಗುತ್ತಿರುವುದು ಸರಿಯಲ್ಲ. ಫೋಲ್ಡರ್ ತೆರೆದಿರುವಾಗಲೇ ಯುಐಡಿ (ಫೋಲ್ಡರ್‌ನಲ್ಲಿ ಆ ಮೇಲ್‌ನ ಗುರುತಿನ ಸಂಖ್ಯೆ), ಕಳಿಸಿದವರು, ಸಬ್ಜೆಕ್ಟ್, ಬಾಡಿಯನ್ನು ನಿಮ್ಮದೇ ಒಂದು ಸಾದಾ ಕ್ಲಾಸಿಗೆ ತುಂಬಿ, ಅಟ್ಯಾಚ್‌ಮೆಂಟ್‌ಗಳನ್ನು ತಾತ್ಕಾಲಿಕ ಫೈಲ್‌ಗಳಿಗೆ ಬರೆದು, ಆಮೇಲೆ ಫೋಲ್ಡರ್ ಮುಚ್ಚಿರಿ. ಇಡೀ ಮೇಲ್ ಹಾಗೆಯೇ ಬೇಕೆಂದಾದರೆ ಅದನ್ನು ಮೈಮ್‌ಮೆಸೇಜ್‌ನ ಕಾಪಿ ಕನ್‌ಸ್ಟ್ರಕ್ಟರ್‌ಗೆ ಕೊಟ್ಟರೆ ಪೂರ್ಣ ಪ್ರತಿ ಮೆಮೊರಿಗೆ ಬರುತ್ತದೆ, ದೊಡ್ಡ ಮೇಲ್‌ಗಳಿಗೆ ನಾನು ಅದನ್ನು ಬಳಸುವುದಿಲ್ಲ. ಪಟ್ಟಿಗೆ ಬೇಕಾದದ್ದನ್ನು ಫೆಚ್‌ಪ್ರೊಫೈಲ್‌ನಲ್ಲಿ ಹೇಳಿ ಒಂದೇ ಸಲ ತರಿಸಿಕೊಳ್ಳಿರಿ. ಇಲ್ಲವಾದರೆ ಮೇಲ್‌ಗೆ ಒಂದರಂತೆ ಸರ್ವರ್‌ಗೆ ಓಡಾಟ ತಪ್ಪುವುದಿಲ್ಲ. ಲೈಬ್ರರಿಯ ಸೆಟ್ಟಿಂಗ್‌ಗಳಲ್ಲಿ ಪೀಕ್ ಗುಣವನ್ನು (ಪ್ರಾಪರ್ಟಿ) ಟ್ರೂ ಮಾಡಿ, ಟಿಕೆಟ್ ಡೇಟಾಬೇಸ್‌ನಲ್ಲಿ ಕುಳಿತ ಮೇಲೆ ಸೀನ್ ಫ್ಲ್ಯಾಗನ್ನು ನೀವೇ ಹಚ್ಚಿರಿ. ಒಂದು ಸಲಕ್ಕೆ ತರುವ ತುಂಡಿನ ಗಾತ್ರವಾದ ಫೆಚ್‌ಸೈಜನ್ನು ನಾನು 1 ಎಂಬಿಗೆ ಏರಿಸಿದ್ದೇನೆ. ಆ 384 ಓಡಾಟ ಈಗ ಆರು.

ಒಂದು ಎಚ್ಚರಿಕೆ: ನಿಮ್ಮ ಸ್ಟೋರ್ (ಸರ್ವರ್‌ನೊಂದಿಗಿನ ಸಂಪರ್ಕ) ‘ಐಮ್ಯಾಪ್ಸ್’, ಅಂದರೆ ಐಮ್ಯಾಪ್‌ನ ಸುರಕ್ಷಿತ ರೂಪ, ಆಗಿದ್ದರೆ ಈ ಗುಣಗಳ ಹೆಸರು ‘ಮೇಲ್ ಡಾಟ್ ಐಮ್ಯಾಪ್ಸ್’ ಎಂದು ಆರಂಭವಾಗಬೇಕು. ಕೊನೆಯ ಎಸ್ ಬಿಟ್ಟರೆ ಲೈಬ್ರರಿ ಎರರ್ ಕೊಡದೆ ಸುಮ್ಮನೆ ಹಳೆಯ ಡೀಫಾಲ್ಟ್‌ನಲ್ಲಿಯೇ ನಡೆಯುತ್ತದೆ. ಆ ಒಂದು ಅಕ್ಷರ ನನ್ನ ಇಡೀ ಮಧ್ಯಾಹ್ನವನ್ನು ತಿಂದಿದೆ.