ಅಡ್ಡ ತೊಲೆ ಸುಮ್ನೆ ತೆಗೆಯಬೇಡಿ

ನಮಸ್ಕಾರ. 18 ಅಡಿ ಅಗಲದ ಹಜಾರಕ್ಕೆ ಹಂಚಿನ ಮಾಡು ಹಾಕುವಾಗ, ಒಳಗಿನಿಂದ ನೆತ್ತಿಯವರೆಗೂ ಕಾಣಲಿ ಅಂತ ಗೋಡೆಯಿಂದ ಗೋಡೆಗೆ ಹೋಗುವ ಅಡ್ಡ ತೊಲೆ ಬಿಡಬಹುದಾ ಎಂದು ಕೇಳಿದ್ದೀರಿ. ಬೇರೆ ಏರ್ಪಾಡು ಮಾಡದೆ ದಯವಿಟ್ಟು ಬಿಡಬೇಡಿ.

ಆ ತೊಲೆ ಇರುವುದು ಅಂದಕ್ಕಲ್ಲ. ಭಾರ ಬಿದ್ದಾಗ ಪಕ್ಕಾಸುಗಳ (ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರಗಳ) ಕಾಲು ಹೊರಕ್ಕೆ ಜಾರಲು ನೋಡುತ್ತದೆ, ತೊಲೆ ಅದನ್ನು ಹಿಡಿದಿಡುತ್ತದೆ. ಒಂದು ಜೋಡಿ ಪಕ್ಕಾಸಿನ ಮೇಲೆ ಒಟ್ಟು 400 ಕೆಜಿ ಇದೆ ಅಂದುಕೊಳ್ಳಿ. 30 ಡಿಗ್ರಿ ಇಳಿಜಾರಿನಲ್ಲಿ ಒಂದೊಂದು ಗೋಡೆಗೂ ಸುಮಾರು 170 ಕೆಜಿ ತಳ್ಳು ಬರುತ್ತದೆ. 45 ಡಿಗ್ರಿ ಆದರೆ 100 ಕೆಜಿ. ನಮ್ಮ ಹಳೇ ಕೊಟ್ಟಿಗೆಯಲ್ಲಿ ತೊಲೆ ಕತ್ತರಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಮೇಲಂಚಿನಲ್ಲಿ ಬೆರಳು ತೂರುವಷ್ಟು ಬಿರುಕು!

ತೊಲೆಯನ್ನು ಸ್ವಲ್ಪ ಮೇಲಕ್ಕೆ ಏರಿಸಬಹುದು. ಆದರೆ ಗೋಡೆಯಿಂದ ನೆತ್ತಿಯವರೆಗಿನ ಎತ್ತರದ ಮೂರನೇ ಒಂದು ಭಾಗ ಏರಿಸಿದರೂ ಅದರ ಮೇಲಿನ ಎಳೆತ ಒಂದೂವರೆ ಪಟ್ಟಾಗುತ್ತದೆ, ಅರ್ಧಕ್ಕೆ ಏರಿಸಿದರೆ ಎರಡು ಪಟ್ಟು. ಪಕ್ಕಾಸು ಬೇರೆ ಬಾಗುತ್ತದೆ, ದಪ್ಪ ಜಾಸ್ತಿ ಬೇಕು. ಕತ್ತರಿ ಟ್ರಸ್ (ಕೆಳಗಿನ ಮರಗಳು ಕತ್ತರಿಯಂತೆ ಒಂದನ್ನೊಂದು ದಾಟುವ ಚೌಕಟ್ಟು) ಕೂಡ ಆಗುತ್ತದೆ, ಆದರೆ ಒಳಗಿನ ಇಳಿಜಾರು ಹೊರಗಿನದಕ್ಕಿಂತ ಕಡಿಮೆ.

ನಿಮ್ಮ ಎರಡೂ ತುದಿಯಲ್ಲಿ ತ್ರಿಕೋನ ಗೋಡೆ ಇದೆ ಅಂದಿರಲ್ವಾ? ಹಾಗಿದ್ದರೆ ನನ್ನ ಆಯ್ಕೆ ಆ ಗೋಡೆಗಳ ಮೇಲೆ ಕೂರುವ, ನೆತ್ತಿಯುದ್ದಕ್ಕೂ ಒಂದು ಗಟ್ಟಿ ತೊಲೆ. ಪಕ್ಕಾಸಿನ ಮೇಲ್ತುದಿ ಅದರ ಮೇಲೆ ಕೂತರೆ ಗೋಡೆಗೆ ತಳ್ಳು ಬಹುತೇಕ ಇರುವುದಿಲ್ಲ. ಹಜಾರ ಉದ್ದವಿದ್ದರೆ ನಡುವೆ ಒಂದು ಕಂಬ ಕೊಡಿ. ಕೂಡುವ ಕಡೆ ಬರೀ ಮೊಳೆ ಸಾಲದು, ಅಗಲ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಮರ ಚೆನ್ನಾಗಿ ಒಣಗಿರಲಿ. ತೊಲೆಯ ಅಳತೆಯನ್ನು ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ಆಮೇಲೆ ಮರ ಕೊಯ್ಯಿಸಿ.