ಇಕ್ಕಳ ಯಾರ ಮನೆಯದು?

ಬಾಸ್ಟನ್ನಿನ ದಕ್ಷಿಣಕ್ಕೆ ಕಡಲಂಚಿನಲ್ಲಿ ಸಾಲಾಗಿರುವ ಊರುಗಳನ್ನು ಇಲ್ಲಿನವರು ತಮಾಷೆಗೆ ‘ಐರಿಷ್ ರಿವಿಯೆರಾ’ ಎನ್ನುತ್ತಾರೆ. ಅಂಥದೊಂದು ಊರಿನ ಚಿಕಿತ್ಸಾಲಯದಲ್ಲಿ ನಾನು ಆಪ್ತಸಲಹೆಗಾರ್ತಿ. ಧಾರವಾಡದ ಕಡೆಯವಳ ಮುಂದೆ ಕೂತು ಐರಿಷ್ ಮನೆತನಗಳವರು ತಮ್ಮ ಮುತ್ತಜ್ಜಂದಿರ ಕಥೆ ಹೇಳುತ್ತಾರೆ. ಹೊರಗಿನವಳಾದ್ದರಿಂದಲೇ ಧಾರಾಳವಾಗಿ ಹೇಳುತ್ತಾರೆ ಎಂದು ನನ್ನ ಅನುಮಾನ.

ಇಲ್ಲಿ ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರನ್ನು ಡೆನಿಸ್ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ವಯಸ್ಸು, ವೃತ್ತಿ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಲಿಖಿತ ಒಪ್ಪಿಗೆ ಇದೆ.

ಅರವತ್ತು ದಾಟಿದ, ಅಗ್ನಿಶಾಮಕ ದಳದಿಂದ ನಿವೃತ್ತರಾದ ಆಳು. ಜನವರಿಯಲ್ಲಿ ಮಗಳು ಒತ್ತಾಯ ಮಾಡಿ ಕರೆತಂದಳು. ಎರಡು ತಿಂಗಳಿಂದ ನಿದ್ದೆ ಇಲ್ಲ, ಮೊಮ್ಮಕ್ಕಳ ಮೇಲೆ ರೇಗಾಟ. ಪ್ರತಿ ವರ್ಷ ಮಾರ್ಚ್ 17ಕ್ಕೆ, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಇಡೀ ಬಳಗ ಇವರ ಮನೆಯಲ್ಲಿ ಊಟಕ್ಕೆ ಸೇರುವ ರೂಢಿ. ಈ ಸಲ ಬೇಡ ಎಂದುಬಿಟ್ಟಿದ್ದರು. ಕಾರಣ ಕೇಳಿದರೆ ಬೆನ್ನುನೋವು ಎನ್ನುತ್ತಿದ್ದರಂತೆ.

ನನ್ನೆದುರು ಕೂತವರು ಬೆನ್ನುನೋವಿನ ಮಾತೆತ್ತಲಿಲ್ಲ. ತೊಡೆಯ ಮೇಲೆ ಹಳೆಯ ಟವೆಲಿನ ಗಂಟೊಂದಿತ್ತು. ಬಿಚ್ಚಿದರೆ ಕಬ್ಬಿಣದ ಇಕ್ಕಳ. ಮೊಳಕ್ಕಿಂತ ತುಸು ಉದ್ದ, ಕೈ ಹಿಡಿಯುವ ಕಡೆ ಸವೆದು ನಯವಾಗಿತ್ತು, ಒಂದು ಕಾಲಿನ ತುದಿ ಸೊಟ್ಟಗಿತ್ತು. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಒಲೆಗೆ ಹಾಕುತ್ತಿದ್ದದ್ದು ಟರ್ಫ್, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆ. ಅದನ್ನು ಹಿಡಿದು ಸರಿಸುವ ಇಕ್ಕಳ ಇದು. ಮೂರು ತಲೆಮಾರು ಇವರ ನಡುಮನೆಯ ಗೋಡೆಯ ಮೇಲಿತ್ತು. ಎರಡು ತಿಂಗಳಿಂದ ಗ್ಯಾರೇಜಿನಲ್ಲಿತ್ತು.

ಇಕ್ಕಳದ ಕಥೆ ಹೀಗೆ. ಮುತ್ತಜ್ಜ ಕ್ಲೇರ್ ಕೌಂಟಿಯ ಗೇಣಿದಾರ. ಬಾಡಿಗೆ ಕಟ್ಟಲಾಗದೆ ಹೋದಾಗ ಜಮೀನ್ದಾರನ ಜನ ಬಂದು ದಿಮ್ಮಿಯಿಂದ ಗೋಡೆ ಗುದ್ದಿ ಒಕ್ಕಲೆಬ್ಬಿಸಿದರು. ಒಲೆಯ ಬೆಂಕಿಯನ್ನು ಆರಿಸಿದರು; ಮನೆ ಇನ್ನು ಧಣಿಯದು ಎನ್ನುವುದಕ್ಕೆ ಅದೇ ಗುರುತು. ಮುತ್ತಜ್ಜಿ ಉಳಿಸಿಕೊಂಡದ್ದು ಈ ಇಕ್ಕಳವೊಂದನ್ನೇ. ಕಥೆಯಲ್ಲಿ ಅಸಂಭವ ಏನೂ ಇಲ್ಲ. 1888ರಲ್ಲಿ ಅದೇ ಕ್ಲೇರ್‌ನ ಕಿಲ್‌ರಶ್ ಸುತ್ತಿನ ವ್ಯಾಂಡೆಲೂರ್ ಜಮೀನಿನಲ್ಲಿ ದಿಮ್ಮಿಯಿಂದ ಗೋಡೆ ಒಡೆದದ್ದರ ಫೋಟೋಗಳೇ ಇವೆ.

ನಿವೃತ್ತಿಯ ಬಿಡುವಿನಲ್ಲಿ ಡೆನಿಸ್ ವಂಶವೃಕ್ಷ ಹುಡುಕಲು ಕೂತರು. ಐರಿಷ್ ಮೂಲದವರಿಗೆ ಈ ಹುಡುಕಾಟ ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಜನಗಣತಿ ಹಾಳೆಗಳು 1922ರಲ್ಲಿ ಡಬ್ಲಿನ್ನಿನ ನ್ಯಾಯಾಲಯ ಕಟ್ಟಡ ಫೋರ್ ಕೋರ್ಟ್ಸ್‌ಗೆ ಬಿದ್ದ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. 1881 ಮತ್ತು 1891ರವನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವೇ ರದ್ದಿಗೆ ಹಾಕಿತು. 1922ಕ್ಕೆ ಮುಂಚಿನವುಗಳಲ್ಲಿ ಪೂರ್ತಿ ಉಳಿದಿರುವುದು 1901 ಮತ್ತು 1911ರವು. 1901ರ ಹಾಳೆಯಲ್ಲಿ ಮುತ್ತಜ್ಜ ಸಿಕ್ಕಿದರು. ಬೀದಿಗೆ ಬಿದ್ದ ಮನುಷ್ಯನಾಗಿ ಅಲ್ಲ. ಅದೇ ಮಜರೆಯಲ್ಲಿ, ಮನೆ, ದನದ ಕೊಟ್ಟಿಗೆ, ಕುದುರೆ ಲಾಯ ಎಲ್ಲ ಇಟ್ಟುಕೊಂಡು.

ಆಮೇಲೆ ಜಮೀನು ಮೌಲ್ಯಮಾಪನ ಇಲಾಖೆಯ ಪರಿಷ್ಕರಣೆ ಪುಸ್ತಕಗಳು. ನಮ್ಮ ಪಹಣಿಯ ದೂರದ ನೆಂಟ ಎನ್ನಬಹುದು. ಸ್ವಾಧೀನದಲ್ಲಿರುವವರು ಬದಲಾದಾಗ ಹಳೆಯ ಹೆಸರಿಗೆ ಗೀಟು ಎಳೆದು ಹೊಸದನ್ನು ಮೇಲೆ ಬರೆಯುತ್ತಿದ್ದರು. ಒಂದೊಂದು ಸಲದ ಪರಿಷ್ಕರಣೆಗೆ ಒಂದೊಂದು ಬಣ್ಣದ ಶಾಯಿ. ಬಣ್ಣ ನೋಡಿ ಇಸವಿ ಹೇಳಬಹುದು. ಡೆನಿಸ್ ಮೊಬೈಲಿನಲ್ಲಿ ಆ ಪುಟ ತೋರಿಸಿದರು. ಪಕ್ಕದ ಹಿಡುವಳಿಯ ಗೇಣಿದಾರನ ಹೆಸರಿನ ಮೇಲೆ ಕೆಂಪು ಗೀಟು. ಅದರ ಮೇಲೆ ಕೆಂಪು ಶಾಯಿಯಲ್ಲೇ ಇವರ ಮುತ್ತಜ್ಜನ ಹೆಸರು. 1886.

ಗೀಟು ಹೆಸರು ಬದಲಾದದ್ದನ್ನು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ನೆರೆಯವನು ತಾನಾಗಿ ಬಿಟ್ಟುಹೋಗಿರಬಹುದು ಎಂದು ಡೆನಿಸ್ ಒಂದು ವಾರ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಆಮೇಲೆ ಹಳೆಯ ಸ್ಥಳೀಯ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಸಿಕ್ಕಿತು. ಗೇಣಿದಾರರ ಪರ ನಿಂತ ನ್ಯಾಷನಲ್ ಲೀಗ್ ಸಂಘಟನೆಯ ಊರ ಶಾಖೆ ಸಭೆ ಸೇರಿ, ಧಣಿ ಒಕ್ಕಲೆಬ್ಬಿಸಿದ ನೆರೆಯವನ ಹೊಲ ಹಿಡಿದವನೆಂದು ಅವರ ಮುತ್ತಜ್ಜನನ್ನು ಹೆಸರಿಟ್ಟು ಖಂಡಿಸಿತ್ತು.

ಆ ಕಾಲದಲ್ಲಿ ಇದಕ್ಕಿಂತ ಕೆಟ್ಟ ಹೆಸರು ಇರಲಿಲ್ಲ. ‘ಗ್ರ್ಯಾಬರ್’ ಎನ್ನುತ್ತಿದ್ದರು, ಹೊಲ ನುಂಗಿದವನು. 1880ರ ಸೆಪ್ಟೆಂಬರಿನಲ್ಲಿ ಕ್ಲೇರ್‌ನ ಎನ್ನಿಸ್ ಪಟ್ಟಣದಲ್ಲೇ ಐರಿಷ್ ರಾಷ್ಟ್ರೀಯವಾದಿ ನಾಯಕ ಪಾರ್ನೆಲ್ ಇಂಥವನನ್ನು ಏನು ಮಾಡಬೇಕೆಂದು ಜನರನ್ನು ಕೇಳಿದ್ದರು. ಗುಂಡಿಕ್ಕಿ ಎಂದು ಯಾರೋ ಕೂಗಿದರು. ಬೇಡ, ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಕೂಡ ಅವನನ್ನು ಕುಷ್ಠರೋಗಿಯಂತೆ ದೂರವಿಡಿ ಎಂಬುದು ಪಾರ್ನೆಲ್ ಕೊಟ್ಟ ಉಪಾಯ. ಅದೇ ವರ್ಷ ಮೇಯೊ ಕೌಂಟಿಯಲ್ಲಿ ಜಮೀನ್ದಾರನ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟ್ ಮೇಲೆ ಅದು ಪ್ರಯೋಗವಾಗಿ, ಆತನ ಹೆಸರೇ ಜಗತ್ತಿಗೆ ಬಹಿಷ್ಕಾರದ ಪದವಾಯಿತು.

“ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆ,” ಎಂದರು ಡೆನಿಸ್. ಸ್ವಲ್ಪ ಹೊತ್ತು ಬಿಟ್ಟು, “ಅಜ್ಜನ ಹೆಸರಿನಲ್ಲಿ ಐರಿಷ್ ಪಾಸ್‌ಪೋರ್ಟ್ ತೆಗೆದುಕೊಂಡಿದ್ದೇನೆ. ವಾಪಸ್ ಕೊಡಬೇಕೇನು ಡಾಕ್ಟರ್?” ನಾನು ಡಾಕ್ಟರ್ ಅಲ್ಲ ಎಂದು ಎರಡು ಸಲ ಹೇಳಿದೆ, ಬಿಡಲಿಲ್ಲ. ಪೌರತ್ವ ಸಿಕ್ಕಿದ್ದು ಅಜ್ಜ ಐರ್ಲೆಂಡಿನಲ್ಲಿ ಹುಟ್ಟಿದ್ದಕ್ಕೆ, ಅಜ್ಜನ ಅಪ್ಪ ಒಳ್ಳೆಯವನಾಗಿದ್ದಕ್ಕಲ್ಲ ಎಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕರು ಎಂದು ಮಗಳು ಆಮೇಲೆ ಹೇಳಿದಳು.

ನಗೆ ಬಂತೆಂದು ಮೈಮರೆಯುವಂತಿರಲಿಲ್ಲ. ಕುಡಿತ ಹೆಚ್ಚಿದೆಯೇ, ಬದುಕು ಸಾಕೆನಿಸಿದೆಯೇ ಎಂದು ನೇರವಾಗಿ ಕೇಳಿದೆ. ಎರಡೂ ಇಲ್ಲ. ರಾತ್ರಿ ಮೂರರವರೆಗೆ ಹಳೆಯ ಪತ್ರಿಕೆಗಳನ್ನು ಜಾಲಾಡುವುದು ಮಾತ್ರ ಇತ್ತು. ಸಂಜೆ ಏಳರ ನಂತರ ದಾಖಲೆ ತೆರೆಯಬಾರದು, ನಾಲ್ಕು ವಾರ ಯಾರಿಗೂ ಏನೂ ಹೇಳಬಾರದು: ಮೊದಲ ಸಲಹೆ ಇಷ್ಟೇ. ನಿದ್ದೆಗೆಟ್ಟವರು ಮಾಡುವ ತಪ್ಪೊಪ್ಪಿಗೆಯನ್ನು ಕೇಳಿದವರೂ ನಿದ್ದೆಗೆಡುತ್ತಾರೆ.

ಎರಡನೆಯ ಭೇಟಿಯಲ್ಲಿ ನಾನೇ ಎಡವಿದೆ. ನೂರ ನಲವತ್ತು ವರ್ಷಗಳ ಹಿಂದಿನ ಮಾತು, ನೀವೇಕೆ ಹೊರಬೇಕು ಎಂದುಬಿಟ್ಟೆ. ಅವರು ಟವೆಲಿನ ಗಂಟು ಕಟ್ಟಿಕೊಂಡು ಎದ್ದರು. “ಹೆಮ್ಮೆಪಡುವಾಗ ಹಳೆಯದು ಎಂದು ಯಾರೂ ಹೇಳಲಿಲ್ಲ,” ಎಂದು ಹೋದವರು ಎರಡು ವಾರ ಬರಲಿಲ್ಲ. ಅವರ ಮಾತೇ ಸರಿ. ಹಳೆಯ ಗಾಯವನ್ನು ತನ್ನದೆಂದು ಧರಿಸಿಕೊಂಡವನಿಗೆ ಹಳೆಯ ಕೇಡು ನಿನ್ನದಲ್ಲ ಎಂದರೆ ನಾಟುವುದಿಲ್ಲ.

ಆ ಎರಡು ವಾರ ನನಗೆ ನಮ್ಮ ಕಡೆಯ ಹೆಳವರು ನೆನಪಾಗುತ್ತಿದ್ದರು. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ಹೊಸಿಲಾಚೆ ನಿಂತು, ಏಳು ತಲೆಮಾರಿನ ಹೆಸರು ಒಪ್ಪಿಸಿ ಕಾಳು ಪಡೆದು ಹೋಗುತ್ತಿದ್ದರು. ಯಾವ ಹೆಳವನೂ ನಿಮ್ಮ ಮುತ್ತಜ್ಜ ಬದು ಒತ್ತಿದ ಎಂದು ಹಾಡಿದ್ದನ್ನು ಕೇಳಿಲ್ಲ. ಕಾಳು ಅಳೆಯುವವರು ನಾವಲ್ಲವೇ. 1974ರ ಭೂಸುಧಾರಣೆಯಲ್ಲಿ ನಮ್ಮ ಮನೆಯ ಹೊಲ ಉಳುವವರ ಪಾಲಾಯಿತು. ನಮ್ಮ ಮನೆಯಲ್ಲಿ ಅದಕ್ಕೆ ‘ಹೋಯಿತು’ ಎಂಬ ಮಾತು. ಉತ್ತವರ ಮನೆಯಲ್ಲಿ ‘ಬಂತು’. ಇದನ್ನು ಡೆನಿಸ್‌ಗೆ ಹೇಳಲಿಲ್ಲ. ಅವರ ಹಣ ಕೊಟ್ಟ ಗಂಟೆಯಲ್ಲಿ ನನ್ನ ಹೊಲದ ಕಥೆ ಬೇಡ.

ಮೂರನೆಯ ಭೇಟಿಯಲ್ಲಿ ಮುತ್ತಜ್ಜನನ್ನು ಬದಿಗಿಟ್ಟು ಬೇರೆ ಪ್ರಶ್ನೆ ಕೇಳಿದೆ: ಈ ಕಥೆ ನಿಮಗೆ ಹೇಳಿದವರು ಯಾರು, ಎಲ್ಲಿ ಕೂತು? ಅಪ್ಪ. ಹಡಗುಕಟ್ಟೆಯ ಕೆಲಸಗಾರ, ಮಾತು ಕಡಿಮೆ, ಕೈ ಜೋರು. ಹಬ್ಬದ ಹಿಂದಿನ ರಾತ್ರಿ ಮಾತ್ರ ಇಕ್ಕಳವನ್ನು ಗೋಡೆಯಿಂದ ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮಗನ ಕೈಗೆ ಕೊಡುತ್ತಿದ್ದರು. ಭಾರಕ್ಕೆ ಹುಡುಗನ ಕೈ ಬಾಗದಿರಲೆಂದು ತಮ್ಮ ಕೈಯನ್ನು ಕೆಳಗೆ ಹಿಡಿಯುತ್ತಿದ್ದರು. “ಹೊಡೆಯುವುದಕ್ಕಲ್ಲದೆ ಅಪ್ಪ ನನ್ನನ್ನು ಮುಟ್ಟುತ್ತಿದ್ದದ್ದು ಅದೊಂದು ರಾತ್ರಿ,” ಎಂದರು ಡೆನಿಸ್. ಆ ದಿನ ಆಮೇಲೆ ನಾವು ಹೆಚ್ಚು ಮಾತಾಡಲಿಲ್ಲ.

ಪ್ರಕರಣದ ಗಂಟು ಸಡಿಲಾದದ್ದು ಅಲ್ಲಿಂದ. ಕಥೆ ಸುಳ್ಳಾದರೆ ಆ ರಾತ್ರಿಗಳೂ ಸುಳ್ಳಾಗುತ್ತವೆ ಎಂದು ಅವರು ಹೆದರಿದ್ದರು. ಅಪ್ಪ ತಿಳಿದೇ ಸುಳ್ಳು ಹೇಳಿದರೇ ಎಂಬ ಪ್ರಶ್ನೆಯನ್ನು ಒಟ್ಟಿಗೆ ಕೂತು ತೂಗಿದೆವು. ಗ್ರ್ಯಾಬರ್‌ನ ಮಗನಾಗಿ ಊರೆಲ್ಲ ಮುಖ ತಿರುಗಿಸುವಲ್ಲಿ ಬೆಳೆದ ಅಜ್ಜ, ಯಾರೂ ಗುರುತಿಸದ ಬಾಸ್ಟನ್ನಿಗೆ ಬಂದಿಳಿದವರು. ‘ಪಕ್ಕದ ಮನೆಯವರನ್ನು ಎಬ್ಬಿಸಿದ್ದನ್ನು ನೋಡಿದೆವು’ ಎಂದು ಅವರು ಶುರುಮಾಡಿರಬಹುದು. ನೋಡಿದವರ ಮಾತು ಅನುಭವಿಸಿದವರ ಮಾತಾಗಲು ಎರಡು ತಲೆಮಾರು ಸಾಕು. ಇದು ನಮ್ಮ ಊಹೆ, ಊಹೆಯಾಗಿಯೇ ಇರಲಿ ಎಂದೆ. ಅಪ್ಪ ಕೇಳಿದ್ದನ್ನು ಹೇಳಿದರು ಎಂಬುದಷ್ಟನ್ನು ಡೆನಿಸ್ ಒಪ್ಪಿಕೊಂಡರು.

ಮುಂದಿನ ಸಲಹೆಗಳಲ್ಲಿ ಒಂದಕ್ಕೆ ಜಗಳವೇ ಆಯಿತು. ಎಬ್ಬಿಸಿಕೊಂಡ ಮನೆಯವರ ಅಡ್ಡಹೆಸರಿನ ಕುಟುಂಬವೊಂದನ್ನು ಷಿಕಾಗೋದಲ್ಲಿ ಹುಡುಕಿ, ಕ್ಷಮಾಪಣೆ ಪತ್ರ ಬರೆದಿಟ್ಟುಕೊಂಡಿದ್ದರು. ಕಳಿಸಬೇಡಿ ಎಂದೆ. ಅದೇ ಕುಟುಂಬವೆಂಬುದಕ್ಕೆ ಆಧಾರ ಅಡ್ಡಹೆಸರು ಮಾತ್ರ. ಅವರೇ ಆಗಿದ್ದರೂ, ಕೇಳದೆ ಬಂದ ಪತ್ರ ನಿಮ್ಮ ಭಾರವನ್ನು ಇಳಿಸಿ ಅವರ ಮನೆಯ ಊಟದ ಮೇಜಿನ ಮೇಲೆ ಇಡುತ್ತದೆ. ಒಂದು ವರ್ಷ ಪೆಟ್ಟಿಗೆಯಲ್ಲಿರಲಿ, ಆಮೇಲೆ ಓದಿ ನೋಡಿ. ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಮನೆಯವರಿಗೆ ಹೇಳುವ ವಿಷಯದಲ್ಲಿ ತಕರಾರಿರಲಿಲ್ಲ. ಮೊದಲು ತಮ್ಮನಿಗೆ ಮತ್ತು ತಂಗಿಗೆ, ಒಬ್ಬೊಬ್ಬರಿಗೆ ಮುಖಾಮುಖಿ. ಎಲ್ಲರಿಗೂ ಒಂದೇ ಇಮೇಲ್ ಬೇಡ, ಕುಡಿತದ ಮೇಜಿನಲ್ಲಂತೂ ಬೇಡವೇ ಬೇಡ. ದಾಖಲೆ ಹೇಳುವುದು ಯಾವುದು, ಅಪ್ಪ ಹೇಳಿದ್ದು ಯಾವುದು, ನಿಮ್ಮ ಊಹೆ ಯಾವುದು ಎಂದು ಬಿಡಿಸಿ ಹೇಳಿ. ಮೊಮ್ಮಕ್ಕಳಿಗೆ ಕಥೆ ನಿಲ್ಲಿಸಬೇಡಿ. ಅದರೊಳಗೆ ಇಲ್ಲದ ಮನೆಯೊಂದನ್ನು ಸೇರಿಸಿ. ಗೀಟು ಬಿದ್ದ ಹೆಸರನ್ನು ಬಾಯಿಬಿಟ್ಟು ಹೇಳಿ.

ಹಬ್ಬದ ಊಟ ನಡೆಯಿತು. ತಂಗಿಗೆ ಮೊದಲೇ ಗೊತ್ತಿದ್ದಂತಿತ್ತು. ನೆರೆಯವನ ಹೆಸರನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ತಮ್ಮ, ಅಪ್ಪನ ಮಾನ ಕಳೆದೆ ಎಂದು ಹಬ್ಬಕ್ಕೆ ಬರಲೇ ಇಲ್ಲ. ಒಂಬತ್ತು ವರ್ಷದ ಮೊಮ್ಮಗಳು ಕಥೆ ಪೂರ್ತಿ ಕೇಳಿ, ಹಾಗಾದರೆ ಈ ಇಕ್ಕಳ ನಮ್ಮ ಒಲೆಯದೋ ಅವರ ಒಲೆಯದೋ ಎಂದು ಕೇಳಿದಳಂತೆ. ಜನವರಿಯಿಂದ ಡೆನಿಸ್ ಬಾಯಿಬಿಡಲು ಹೆದರಿದ್ದ ಪ್ರಶ್ನೆ ಅದೇ. ಗೊತ್ತಿಲ್ಲ ಪುಟ್ಟಿ ಎಂದರಂತೆ.

ಈಗ ರಾತ್ರಿ ಆರು ಗಂಟೆ ನಿದ್ದೆ ಬರುತ್ತಿದೆ. ಇಕ್ಕಳ ಗ್ಯಾರೇಜಿನಿಂದ ಒಳಗೆ ಬಂದಿದೆ, ಗೋಡೆಗಲ್ಲ, ಬೆಂಕಿಗೂಡಿನ ಪಕ್ಕಕ್ಕೆ. ಅದರಲ್ಲೇ ಕಟ್ಟಿಗೆ ಸರಿಸುತ್ತಾರೆ. ಒಂದು ಕಾಲು ಸೊಟ್ಟಗಿರುವುದರಿಂದ ಹಿಡಿತ ಜಾರುತ್ತದೆ ಎಂದು ದೂರಿದರು. ತಮ್ಮನ ಫೋನ್ ಇನ್ನೂ ಬಂದಿಲ್ಲ. ಮುಂದಿನ ಭೇಟಿ ಏಪ್ರಿಲ್ ಕೊನೆಯ ವಾರ.