ತೆಂಗಿನ ಹುಳುವಿನಿಂದ ಬಂದ ಕಣಜ ಗೋನಿಯೋಜಸ್ ಹೌದೋ ಅಲ್ಲವೋ, ಫೋಟೋದಲ್ಲಿ ಗೊತ್ತಾಗುತ್ತಾ?

ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿನಿಂದ ಒಂದು ಕಣಜ ಬಂತು, ಫೋಟೋ ನೋಡಿ ಹೆಸರು ಹೇಳುವ ಆಪ್ ಅದನ್ನು ಗೋನಿಯೋಜಸ್ (ಆ ಹುಳುವನ್ನು ಕೊಲ್ಲುವ ಪರಾವಲಂಬಿ ಕಣಜದ ಕುಲ) ಅಂತ ಹೇಳಿದೆ, ಖಚಿತ ಮಾಡಿಕೊಳ್ಳಲು ಮೊಬೈಲ್‌ಗೆ ಯಾವ ಲೆನ್ಸ್ ತಗೊಳ್ಳಲಿ ಎಂದು ಕೇಳಿದ್ದೀರಿ. ಲೆನ್ಸ್ ಬಿಡಿ. ನೋಡಲು ಇಟ್ಟುಕೊಂಡ ಸತ್ತ ಕಣಜವನ್ನು ರಟ್ಟಿಗೆ ಹೇಗೆ ಅಂಟಿಸಿದ್ದೀರಿ, ಅದನ್ನು ಮೊದಲು ಹೇಳಿ.

ಎಂ.ಎಸ್ಸಿ. ಕೃಷಿ ಓದುವಾಗ ನಾನೂ ಇದರ ಹಿಂದೆ ಬಿದ್ದಿದ್ದೆ. ಬೇಸಿಗೆಯಲ್ಲಿ ತಿಪಟೂರು ಕಡೆಯ ತೋಟಗಳಿಂದ ಹುಳು ಬಿದ್ದ ಗರಿ ತಂದು ಡಬ್ಬಿಯಲ್ಲಿಟ್ಟು ಕಾದೆ. ತಾಯಿ ಕಣಜ ಹುಳುವನ್ನು ಕುಟುಕಿ ಮಲಗಿಸುತ್ತದೆ, ಅದರ ಮೈಮೇಲೇ ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ನೋಡ್ತಾ ಇದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಒಟ್ಟು 40 ಕಣಜ ಸಿಕ್ಕವು. ಆ ಖುಷಿಗೆ ಒಂದೇ ಸಂಜೆ ಅಷ್ಟನ್ನೂ ರಟ್ಟಿಗೆ ಅಂಟಿಸಿಬಿಟ್ಟೆ. ಹೊಟ್ಟೆ ಕೆಳಗೆ, ರೆಕ್ಕೆ ಅಗಲಿಸಿ, ಗೋಂದು ಧಾರಾಳವಾಗಿ.

ಅಲ್ಲೇ ಕೆಟ್ಟಿದ್ದು. ಇವು ಚಪ್ಪಟೆ ಮೈಯವು, ತಲೆ ಮುಂದಕ್ಕೆ ಚಾಚಿರುತ್ತದೆ. ಒತ್ತಿ ಅಂಟಿಸಿದರೆ ಬಾಯಿ, ಮೀಸೆಯ ಬುಡ ಎಲ್ಲ ಗೋಂದಿನೊಳಗೆ. ಗೋನಿಯೋಜಸ್ ಅನ್ನಬೇಕಾದರೆ ಬಾಯಿ ಮೇಲಿನ ತಟ್ಟೆಯ ನಡುವಿನ ಏಣು ಹಣೆಯ ಕಡೆಗೆ ಹತ್ತಿರುವುದು ಕಾಣಬೇಕು. ಮೀಸೆಯಲ್ಲಿ 13 ಗೆಣ್ಣು ಎಣಿಸಬೇಕು. ನನಗೆ ಒಂದರಲ್ಲಿ 9 ಸಿಕ್ಕಿತು, ಇನ್ನೊಂದರಲ್ಲಿ 11. ಉಳಿದವು ಗೋಂದಿನಲ್ಲಿ ಮುಳುಗಿದ್ದವು. ಇನ್ನು ಮುಂದಿನ ರೆಕ್ಕೆ. ಅದರ ನರಗಳ ಗೆರೆಗಳ ನಡುವಿನ ಒಂದು ಪುಟಾಣಿ ಕೋಣೆ ಪೂರ್ತಿ ಮುಚ್ಚಿದ್ದರೆ ಪಾರಾಸಿಯೆರೋಲಾ ಅಂತ ಬೇರೆ ಕುಲ ಅನ್ನುವವರಿದ್ದಾರೆ, ಎರಡೂ ಗೋನಿಯೋಜಸ್ಸೇ ಅನ್ನುವವರೂ ಇದ್ದಾರೆ. ನಮ್ಮ ತೆಂಗಿನ ಕಣಜವನ್ನೇ 1934ರಲ್ಲಿ ಮ್ಯೂಸ್‌ಬೆಕ್ ಎಂಬ ಕೀಟತಜ್ಞರು ಪೆರಿಸಿಯೆರೋಲಾ ಅನ್ನುವ ಇನ್ನೊಂದು ಕುಲದಲ್ಲಿ ಇಟ್ಟಿದ್ದರು, ಗೋನಿಯೋಜಸ್‌ಗೆ ಬಂದದ್ದು ಆಮೇಲೆ. ಇಷ್ಟೆಲ್ಲ ಜಗಳ ಕೂದಲಿಗಿಂತ ತೆಳುವಾದ ಗೆರೆಗಾಗಿ! ಗೋಂದು ಒಣಗಿದರೆ ಅದು ಗೆರೆಯೋ ಬಿರುಕೋ ಯಾರಿಗೆ ಗೊತ್ತು?

ಗೈಡ್ ಸರ್ ಮೈಕ್ರೋಸ್ಕೋಪಿನಲ್ಲಿ ಇಣುಕಿ, "ಇದರ ಮುಖ ಎಲ್ಲಪ್ಪಾ?" ಅಂದರು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಲು ಹೋದೆ, ಮೀಸೆಗಳು ಮುರಿದವು. ಅಷ್ಟರಲ್ಲಿ ಮಳೆ ಹಿಡಿದಿತ್ತು, ತೋಟದಲ್ಲಿ ಹುಳು ಕಮ್ಮಿಯಾಗಿತ್ತು. ಮುಂದಿನ ಬೇಸಿಗೆಯವರೆಗೆ ಸುಮ್ನೆ ಕೂತೆ.

ತೆಂಗಿನ ಹುಳುವಿನಿಂದ ಬಂತು ಅಂದಮಾತ್ರಕ್ಕೆ ಗೋನಿಯೋಜಸ್ ಆಗುವುದಿಲ್ಲ, ಅದೇ ಹುಳುವಿನಿಂದ ಬ್ರಾಕಾನ್ ಅನ್ನುವ ಬೇರೆ ಪರಾವಲಂಬಿ ಕಣಜ ಕೂಡ ಬರುತ್ತದೆ. ಆಪ್ ಗರಿ ನೋಡಿ ಊಹಿಸಿರಬೇಕು ಅಂತ ನನ್ನ ಗುಮಾನಿ. ಕಣಜವನ್ನು 70% ಸ್ಪಿರಿಟ್‌ಗೆ ಹಾಕಿ. ಆಮೇಲೆ ಚೂಪು ತುದಿಯ ತ್ರಿಕೋನ ಚೀಟಿಗೆ ಸೂಜಿಮೊನೆಯಷ್ಟು ಗೋಂದು ಇಟ್ಟು, ಎದೆಯ ಪಕ್ಕ ಮಾತ್ರ ತಾಗಿಸಿ. ತಲೆ ಗಾಳಿಯಲ್ಲಿರಲಿ. ಒಂದೆರಡರ ರೆಕ್ಕೆ ಕಿತ್ತು ಸ್ಲೈಡ್ ಮಾಡಿ. ಲೆನ್ಸಿನ ದುಡ್ಡು ಉಳಿಸಿ, ಹತ್ತಿರದ ಕೃಷಿ ಕಾಲೇಜಿನ ಮೈಕ್ರೋಸ್ಕೋಪ್ ಮುಂದೆ ಅರ್ಧ ದಿನ ಕೂರಿ. ಕಣಜದ ಜೊತೆ ಇಡುವ ವಿವರದ ಚೀಟಿಯಲ್ಲಿ ಆಪ್ ಹೇಳಿದ ಹೆಸರು ಬೇಡ. ಯಾವ ತೋಟ, ಯಾವ ದಿನ, ಯಾವ ಹುಳು, ಅಷ್ಟು ಬರೆಯಿರಿ.

ಅರ್ಧದಷ್ಟನ್ನು ಅಂಟಿಸಲೇಬೇಡಿ, ಸ್ಪಿರಿಟ್‌ನಲ್ಲೇ ಇರಲಿ. ಎಲ್ಲವನ್ನೂ ಆಗಲೇ ಅಂಟಿಸಿಬಿಟ್ಟಿದ್ದರೆ ಮಳೆ ಹಿಡಿಯುವ ಮುಂಚೆ ಇನ್ನೊಮ್ಮೆ ತೋಟಕ್ಕೆ ಹೋಗಿ ಬನ್ನಿ.